ಒಂದು ಗೇಣು ಮಣ್ಣು

ಬೆಟ್ಟದ ಉತ್ತರ ಮಗ್ಗುಲಿನ ಎರೆಹುಳು ಒಂದು ಮೋಡದ ದಿನ ನೆತ್ತಿ ದಾಟಿ ದಕ್ಷಿಣದ ಮಗ್ಗುಲಿಗೆ ಬಂತು. ಮಣ್ಣು ಕೊರೆದು ಇಳಿಯಹೋದರೆ ಗೇಣು ಆಳದಲ್ಲೇ ಮೂತಿ ಬಂಡೆಗೆ ತಗುಲಿತು.

"ಅಕ್ಕಾ, ನಿನ್ನ ಆಸ್ತಿಯೆಲ್ಲ ಇಷ್ಟೇನಾ?" ಎಂದು ಅಲ್ಲಿದ್ದ ಕರಡದ ಹುಲ್ಲನ್ನು ಕೇಳಿತು.

"ಇಷ್ಟೇ ತಮ್ಮ. ದಿನವಿಡೀ ಬಿಸಿಲು ಈ ಕಡೆಗೇ ಬೀಳುತ್ತದೆ. ಉದುರಿದ್ದೆಲ್ಲ ಕೊಳೆಯುವ ಮೊದಲೇ ಒಣಗಿ ಗಾಳಿಗೆ ಹಾರುತ್ತದೆ."

"ನಮ್ಮ ಕಡೆ ಬಿಸಿಲು ಇಣುಕುವುದೇ ಅಪರೂಪ. ತರಗೆಲೆ ಕೊಳೆತು ಕೊಳೆತು ಎರಡಾಳು ಆಳ ಮಣ್ಣಾಗಿದೆ, ದೊಡ್ಡ ದೊಡ್ಡ ಮರಗಳೇ ಎದ್ದಿವೆ. ಈ ಗೇಣು ಮಣ್ಣನ್ನು ಬೇರುಗಳಲ್ಲಿ ಹೀಗೆ ಬಿಗಿಹಿಡಿದುಕೊಂಡು ಯಾಕಿಷ್ಟು ಒದ್ದಾಟ? ಬಿಟ್ಟುಬಿಡು, ಹೋಗಲಿ."

"ನಿಮ್ಮಲ್ಲಿ ಹಿಡಿ ಮಣ್ಣು ಹೋದರೆ ಗೊತ್ತೂ ಆಗುವುದಿಲ್ಲ. ಇಲ್ಲಿ ಹೋದರೆ ಉಳಿಯುವುದು ಬರೀ ಬಂಡೆ. ನಾನು ಬಿಡಲಾರೆ," ಎಂದಿತು ಹುಲ್ಲು.

ಅಷ್ಟರಲ್ಲಿ ಮಳೆ ಹೊಡೆಯಿತು. ನೆತ್ತಿಯಿಂದ ನುಗ್ಗಿದ ನೀರು ಮಣ್ಣನ್ನು ಕಿತ್ತು ಎಳೆಯತೊಡಗಿತು. ಹುಲ್ಲು ಇದ್ದಬದ್ದ ಬೇರುಗಳಿಂದೆಲ್ಲ ಅದನ್ನು ಅವುಚಿಕೊಂಡಿತು. ಕೆಲವು ಬೇರು ಹರಿದೇ ಹೋದವು.

"ಅಕ್ಕಾ, ಬಿಡಬೇಡ! ಬಿಡಬೇಡ!" ಎಂದು ಎರೆಹುಳು ಮಣ್ಣಿನೊಳಗಿನಿಂದ ಕೂಗಿಕೊಂಡಿತು.

"ನೀನು ಬಿಡು ಅಂದಾಗಲೇ ಬಿಡಲಿಲ್ಲ, ಈಗ ಬಿಡುತ್ತೇನೆಯೇ?" ಎಂದಿತು ಹುಲ್ಲು. "ಬಾಯಿ ಮುಚ್ಚಿಕೊಂಡು ನೀನೂ ಒಂದು ಬೇರು ಹಿಡಿದುಕೋ."