ಹೆಬ್ಬೆರಳಿನ ಜಾಗ

ನಿರುಪಾದಿ ಅಜ್ಜಾರ ಆಶ್ರಮ ಹೊಳೆದಂಡೆಯ ಮೇಲಿತ್ತು. ಆಶ್ರಮಕ್ಕಿದ್ದ ದೊಡ್ಡ ಆಸ್ತಿಯೆಂದರೆ ಒಂದು ಹಳೆಯ ಬೈಕು. ಇತ್ತೀಚೆಗೆ ಅದರ ಕೀಲಿ ತಿರುಗಿಸಿದರೆ ಸಾಕು, ಯಾರೂ ಮುಟ್ಟದೆಯೇ ಹಾರ್ನು ಕೂಗುತ್ತಿತ್ತು. ಸುಮ್ಮನಿರಲು ಬಾರದ ಶಿಷ್ಯರಲ್ಲಿ ಇದೂ ಒಂದು ಎಂದು ಅಜ್ಜಾರು ನಗುತ್ತಿದ್ದರು.

ಶಿಷ್ಯ ಗದಿಗೆಪ್ಪ ಹದಿನೈದು ವರ್ಷ ಗ್ಯಾರೇಜಿನಲ್ಲಿ ದುಡಿದವನು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಆ ಬಾಯಿಯ ದೆಸೆಯಿಂದ ಒಡಹುಟ್ಟಿದವರನ್ನೂ ದೂರ ಮಾಡಿಕೊಂಡು, ತನ್ನ ಮೇಲೆ ತನಗೇ ಬೇಸರವಾಗಿ ಆಶ್ರಮ ಸೇರಿದ್ದ. ಮೂರು ವರ್ಷದಿಂದ ಬೈಗುಳ ಬಿಟ್ಟಿದ್ದ. ಈಗ ಅವನಿಗೆ ಬೇಕಾಗಿದ್ದದ್ದು ಒಂದೇ, ಕಾವಿ.

ಒಂದು ಮುಂಜಾನೆ ಅವನು ಹ್ಯಾಂಡಲ್ಲಿನ ಎಡಗಡೆಯ ಸ್ವಿಚ್ಚು ಬಿಚ್ಚಿ ಹೊಸದನ್ನು ಕೂಡಿಸುತ್ತಿದ್ದ. ಅಜ್ಜಾರು ಮಣೆ ಎಳೆದುಕೊಂಡು ಪಕ್ಕದಲ್ಲಿ ಕೂತರು.

"ಇಷ್ಟಕ್ಕ ಇಷ್ಟೊಂದು ವೈರ್ ಯಾಕ ತಮ್ಮಾ?"

"ಇದು ಹಾರ್ನಿಂದ್ರಿ. ಇವೆರಡು ಇಂಡಿಕೇಟರಿಂದು. ಇದು ದೊಡ್ಡ ಲೈಟಿಂದು."

"ಒಂದಕ್ಕೊಂದು ಅದಲುಬದಲಾದ್ರ?"

"ಆಗಂಗಿಲ್ರಿ. ಬಲ್ಬ್ ಹಚ್ಚಿ ಒಂದೊಂದೂ ನೋಡೇನಿ."

"ಹಾರ್ನಿನ ಗುಂಡಿ ಮೊದಲು ಕೆಳಗಿತ್ತಲ್ಲ?"

"ಹೌದ್ರಿ. ಹೊಸಾದ್ರಾಗ ಹಾರ್ನು ಮ್ಯಾಲೆ, ಇಂಡಿಕೇಟರ್ ಕೆಳಗ. ಈಗಿನವು ಹಿಂಗ ಬರ್ತಾವು."

ಕೆಲಸ ಮುಗಿಯಿತು. ಅಜ್ಜಾರು ಮೇಲಿನ ಗುಂಡಿ ಒತ್ತಿದರು. ಹಾರ್ನು ಕೂಗಿತು. ಇನ್ನೊಮ್ಮೆ ಒತ್ತಿದರು. ಅವರಿಗೆ ಬಹಳ ಖುಷಿಯಾಯಿತು.

ಇದೇ ಸಮಯವೆಂದು ಗದಿಗೆಪ್ಪ ಕೈ ಒರೆಸಿಕೊಂಡ.

"ಅಜ್ಜಾರ, ನಾನೂ ಪೂರಾ ಬದಲಾಗೇನ್ರಿ. ಕಾವಿ ಯಾವಾಗ ಕೊಡ್ತೀರಿ?"

"ಬದಲಾಗೀದಿ ಅಂತ ಹೆಂಗ ಗೊತ್ತಾತು?"

"ಮೂರು ವರ್ಷ ಆತ್ರಿ. ಬಾಯಾಗ ಒಂದು ಕೆಟ್ಟ ಮಾತು ಬಂದಿಲ್ಲ."

"ನಡಿ, ಮೊದಲು ಇದನ್ನ ಒಂದು ಸುತ್ತು ಓಡಿಸಿ ನೋಡೂಣು. ಆಮ್ಯಾಲೆ ಹೇಳ್ತೀನಿ."

ಅಜ್ಜಾರು ಹಿಂದೆ ಕೂತರು. ಗಾಡಿ ಒಡ್ಡಿನ ದಾರಿ ಹಿಡಿಯಿತು. ತಿರುವಿನಲ್ಲಿ ಒಬ್ಬ ಮುದುಕ ಕುರಿಗಳೊಂದಿಗೆ ಹೊಳೆಯಿಂದ ಮೇಲೆ ಹತ್ತಿ ಬಂದ.

ಗದಿಗೆಪ್ಪ ಹಾರ್ನು ಒತ್ತಿದ. ಸದ್ದು ಬರಲಿಲ್ಲ. ಇನ್ನೂ ಜೋರಾಗಿ ಒತ್ತಿದ. ಗುಂಡಿ ಪಕ್ಕಕ್ಕೆ ಜಾರಿ ಎಡಗಡೆಯ ಇಂಡಿಕೇಟರ್ ಮಿಣುಕತೊಡಗಿತು. ಬ್ರೇಕ್ ತುಳಿದಾಗ ಮುಂದಿನ ಗಾಲಿ ಮುದುಕನ ಮೊಣಕಾಲಿಗೆ ಗೇಣು ದೂರದಲ್ಲಿ ನಿಂತಿತು.

ಗದಿಗೆಪ್ಪನ ಬಾಯಿ ಬಿಚ್ಚಿಕೊಂಡಿತು. ಮುದುಕನ ಕಣ್ಣು, ಕಿವಿ, ಹುಟ್ಟು, ಯಾವುದನ್ನೂ ಬಿಡಲಿಲ್ಲ. ಗ್ಯಾರೇಜಿನ ಬೈಗುಳಗಳಲ್ಲಿ ಒಂದನ್ನೂ ಅವನು ಮರೆತಿರಲಿಲ್ಲ.

"ಒಂದು ಹಾರ್ನರ ಹೊಡೀಬಾರದೇನಪಾ" ಎಂದಷ್ಟೇ ಹೇಳಿ ಮುದುಕ ಕುರಿ ಅಟ್ಟಿಕೊಂಡು ನಡೆದ.

ಹಿಂದೆ ಅಜ್ಜಾರು ಕೂತಿದ್ದಾರೆಂಬುದು ಗದಿಗೆಪ್ಪನಿಗೆ ಆಗ ನೆನಪಾಯಿತು.

"ಸ್ವಿಚ್ಚಿನ್ಯಾಗ ಏನೋ ದೋಷ ಐತ್ರಿ. ನಾ ಹಾರ್ನು ಒತ್ತಿದೆ, ಅದು ಕೂಗಲಿಲ್ಲ."

ಅಜ್ಜಾರು ಅವನ ಪಕ್ಕದಿಂದ ಕೈ ಚಾಚಿ ಮೇಲಿನ ಗುಂಡಿ ಒತ್ತಿದರು. ಹಾರ್ನು ಕೂಗಿತು. ದೂರದಲ್ಲಿ ಎರಡು ಕುರಿ ಹೊರಳಿ ನೋಡಿದವು.

"ನಿನ್ನ ಹೆಬ್ಬೆರಳು ಎಲ್ಲೈತಿ ನೋಡು" ಎಂದರು.

ಗದಿಗೆಪ್ಪ ನೋಡಿದ. ಹೆಬ್ಬೆರಳು ಕೆಳಗಿನ ಗುಂಡಿಯ ಮೇಲಿತ್ತು. ಹಳೆಯ ಹಾರ್ನು ಇದ್ದ ಜಾಗವನ್ನು ಅದು ಇನ್ನೂ ಒತ್ತಿ ಹಿಡಿದಿತ್ತು.

"ಇದನ್ನ ಹಚ್ಚಿದಾಂವ ನಾನ" ಎಂದ ಮೆಲ್ಲಗೆ. "ನನಗ ಗೊತ್ತಿತ್ತಲ್ರಿ."

"ಹೌದು, ನಿನಗ ಗೊತ್ತಿತ್ತು."

ಅಜ್ಜಾರಿಗೆ ಸಿಟ್ಟು ಬಂದಿರಲಿಲ್ಲ. ಮುಂಜಾನೆ ವೈರುಗಳನ್ನು ನೋಡಿದಷ್ಟೇ ಕುತೂಹಲದಿಂದ ಆ ಹೆಬ್ಬೆರಳನ್ನು ಬಗ್ಗಿ ನೋಡುತ್ತಿದ್ದರು.

ಗದಿಗೆಪ್ಪ ಗಾಡಿಗೆ ಸ್ಟ್ಯಾಂಡ್ ಹಾಕಿ ಮುದುಕನ ಹಿಂದೆ ಓಡಿದ. ಅವನ ಕಾಲು ಮುಟ್ಟಿದ. ತಿರುಗಿ ಬಂದು ತಲೆ ತಗ್ಗಿಸಿ ನಿಂತ.

"ಇನ್ನ ನನಗ ಕಾವಿ ಇಲ್ಲ ಅಲ್ರಿ?"

"ಇಲ್ಲ ಅಂತ ಯಾರ್ ಹೇಳಿದ್ರು? ದಿನಾ ಇದ ದಾರ್‍ಯಾಗ ಗಾಡಿ ಹೊಡಿ" ಎಂದರು ಅಜ್ಜಾರು. "ಕುರಿ ಅಡ್ಡ ಬಂದಾಗ ಹೆಬ್ಬೆರಳು ನಿನ್ನ ಕೇಳಲಾರದ ಮ್ಯಾಲಕ್ಕ ಹೋಗ್ತೈತಲ್ಲ, ಅವತ್ತು ಕಾವಿ ನಾನ ತಂದು ಕೊಡ್ತೀನಿ."