ಮೀಟರಿಗೆ ಪ್ರಿನ್ಸಿಪಾಲರ ಕಾವಲು

ಮಧ್ಯಾಹ್ನ ಪರೀಕ್ಷೆ. ಹಾಲ್ ಟಿಕೆಟ್ ಇದ್ದ ಕಾಲೇಜಿನ ಕಂಪ್ಯೂಟರ್ ಬೆಳಿಗ್ಗೆಯಿಂದ ಏಳುತ್ತಿಲ್ಲ. ಹೊರಗೆ ಹುಡುಗಿಯರು ಗೋಡೆಗೊರಗಿ ಕಾಯುತ್ತಿದ್ದರು.

"ಪರೀಕ್ಷೆ ಮುಗೀಲಿ ಸಾರ್" ಎಂದು ಗುಮಾಸ್ತೆ ದಾಕ್ಷಾಯಿಣಿ ಬೇಡಿಕೊಂಡರೂ ಪ್ರಿನ್ಸಿಪಾಲ್ ಚಿಕ್ಕವೀರಯ್ಯನವರು ಹಟ ಹಿಡಿದು ನಿನ್ನೆಯೇ ಹೊಸ ಡಿಸ್ಕ್ ಹಾಕಿಸಿದ್ದರು. ಕಂಪ್ಯೂಟರನ್ನು ನಡೆಸುವ ಲಿನಕ್ಸ್ ತಂತ್ರಾಂಶ ಪೂರ್ತಿ ಅದಕ್ಕೆ ವರ್ಗವಾಗಿತ್ತು. ಆದರೆ ಏಳುವಾಗ ಮಾತ್ರ ಕಂಪ್ಯೂಟರು ತೆಗೆದುಹಾಕಿದ ಹಳೆಯ ಡಿಸ್ಕನ್ನೇ ಹುಡುಕಿ, ಸಿಗದೆ ನಿಂತುಬಿಡುತ್ತಿತ್ತು. ಏಳುವಾಗ ಅದು ಓದುವ ಫೈಲಿನಲ್ಲಿ ಹಳೆಯದರ ಬದಲು ಹೊಸ ಡಿಸ್ಕಿನ ಗುರುತನ್ನು ಬರೆದರೆ ಸರಿಹೋಗುತ್ತಿತ್ತು. ಅರ್ಧ ಗಂಟೆಯ ಕೆಲಸ.

ಆ ಅರ್ಧ ಗಂಟೆಯನ್ನು ಸಾಹೇಬರು ಕೊಡಬೇಕಲ್ಲ! ಪರದೆ ಕಪ್ಪಾದರೆ ಸಾಕು, "ಸತ್ತೇ ಹೋಯ್ತು!" ಎಂದು ಕೈಚಾಚಿ ಬಟನ್ ಒತ್ತುತ್ತಿದ್ದರು. ಎಲ್ಲ ಮತ್ತೆ ಮೊದಲಿನಿಂದ.

"ಏನಮ್ಮಾ, ಇವತ್ತು ಹಾಲ್ ಟಿಕೆಟ್ ಬರಲಿಲ್ಲ ಅಂದ್ರೆ ನಿನ್ನ ಸಸ್ಪೆಂಡ್ ಮಾಡಿಸ್ತೀನಿ!"

ದಾಕ್ಷಾಯಿಣಿಗೆ ಜಗಳಕ್ಕೂ ತ್ರಾಣವಿರಲಿಲ್ಲ. ಕಣ್ಣುಜ್ಜಿಕೊಂಡು ಮೆಲ್ಲಗೆ ಹೇಳಿದಳು: "ಸಾರ್, ನನಗೆ ಕರೆಂಟಿನದೇ ಭಯ. ನಡುವೆ ಹೋದ್ರೆ ಡಿಸ್ಕೇ ಕೆಡುತ್ತೆ. ಮೀಟರ್ ಹತ್ರ ಯಾರಾದ್ರೂ ಜವಾಬ್ದಾರಿ ಇರೋರು ನಿಲ್ಲಬೇಕಿತ್ತು. ಅಟೆಂಡರ್ ಕೈಲಿ ಆಗೋ ಕೆಲಸ ಅಲ್ಲ."

"ಅವನ ಕೈಲಿ ಏನಾಗುತ್ತೆ! ನಾನೇ ನಿಲ್ತೀನಿ" ಎಂದು ಸಾಹೇಬರು ಎದೆಯುಬ್ಬಿಸಿ ಹೊರಟರು.

ಕೋಣೆ ತಣ್ಣಗಾಯಿತು. ದಾಕ್ಷಾಯಿಣಿ ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿ, ಹೊಸ ಡಿಸ್ಕಿನ ಗುರುತು ಬರೆದು, ಮತ್ತೆ ಚಾಲೂ ಮಾಡಿದಳು. ಈ ಸಲ ಅದು ತಾನಾಗಿಯೇ ಎದ್ದಿತು. ಪ್ರಿಂಟರ್ ಗುರುಗುಟ್ಟಿತು. ಹುಡುಗಿಯರು ಹಾಲ್ ಟಿಕೆಟ್ ಹಿಡಿದು ಓಡಿದರು.

ಸಾಹೇಬರು ಬೆವರೊರೆಸುತ್ತಾ ಬಂದರು. "ನೋಡಿದ್ಯಾ? ನಾನು ನಿಂತಿದ್ದಕ್ಕೇ ಕರೆಂಟು ಅಲ್ಲಾಡಲಿಲ್ಲ!"

"ಹೌದು ಸಾರ್" ಎಂದು ದಾಕ್ಷಾಯಿಣಿ ಮೇಜಿನ ಮೇಲೆ ತಲೆಯಿಟ್ಟಳು. "ಇನ್ನೊಂದು ಸಲ ಕೆಟ್ಟರೆ ನೀವು ಮೊದಲೇ ಹೋಗಿ ನಿಂತ್ಬಿಡಿ."