ಮುಚ್ಚಿದ ಹಿಂಬಾಗಿಲು

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ದೊಡ್ಡತ್ತೆ ನೀಲಗಂಗಮ್ಮನವರು. ಸಂಜೆ ದೇವರ ಮುಂದೆ ದೀಪ ಹಚ್ಚಿ, ಹಣೆಗೆ ವಿಭೂತಿ ಇಟ್ಟುಕೊಂಡು, ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳುತ್ತಿದ್ದರು. ಶಾಂತ ಸ್ವಭಾವದವರು, ಈ ಕತೆಗೆ ಮಾತ್ರ ಅವರ ದನಿ ಬಿಗಿಯಾಗುತ್ತಿತ್ತು. ಯಾಕೆಂದು ನೀವೇ ಕೇಳಿ, ಮಕ್ಕಳೇ.

ಒಂದು ಕುರುಚಲು ಕಾಡು. ಅಲ್ಲಿನ ಹಳ್ಳದ ದಂಡೆಯಲ್ಲಿ ಮುಳ್ಳುಹಂದಿಯೊಂದು ದೊಡ್ಡ ಬಿಲ ತೋಡಿತ್ತು. ಹಳ್ಳದ ಕಡೆ ಮುಂಬಾಗಿಲು, ದಿಬ್ಬದ ಕಡೆ ಹಿಂಬಾಗಿಲು. ಹಿಂದಿನ ಕೋಣೆಯನ್ನು ಮುಂಗುಸಿಗೆ ಬಾಡಿಗೆಗೆ ಕೊಟ್ಟಿತ್ತು. ಹಾವು ಒಳಗೆ ಬಾರದಂತೆ ಕಾಯುವುದೇ ಬಾಡಿಗೆ. ಮುಂಗುಸಿ ಅದನ್ನು ಒಂದು ದಿನವೂ ತಪ್ಪಿಸಿರಲಿಲ್ಲ.

ಮುಂಗುಸಿ ಮರಿ ಹಾಕಿತು. ಆ ಹೊತ್ತಿಗೇ ನರಿ ಬಂದು ಮುಳ್ಳುಹಂದಿಯ ಕಿವಿಯಲ್ಲಿ, "ಆ ಕೋಣೆ ನನಗೆ ಕೊಡು, ದಿನಾ ಗೆಣಸು ತಂದುಕೊಡುತ್ತೇನೆ," ಎಂದಿತು.

ಮುಳ್ಳುಹಂದಿಯ ಬಾಯಲ್ಲಿ ನೀರೂರಿತು. ನೆಟ್ಟಗೆ ಹಿಂದಿನ ಕೋಣೆಗೆ ಹೋಗಿ, "ಏಳು, ಇವತ್ತೇ ಖಾಲಿ ಮಾಡು," ಎಂದಿತು.

"ಅಣ್ಣಾ, ಮರಿಗಳು ಇನ್ನೂ ಕಣ್ಣು ಬಿಟ್ಟಿಲ್ಲ. ಅಲ್ಲಿಯ ತನಕ ಬಾಣಂತಿಯನ್ನು ಎಬ್ಬಿಸಬಾರದು ಅಂತ ಕಾಡಿನ ಕಟ್ಟಳೆ ಇದೆಯಲ್ಲ."

"ಬಿಲ ತೋಡಿದ್ದು ಕಟ್ಟಳೆಯಾ, ನಾನಾ? ನನ್ನ ಬಿಲ, ನನ್ನ ಇಷ್ಟ."

ಮರುದಿನ ಬೆಳಿಗ್ಗೆ ಮುಂಗುಸಿಗೆ ಉಸಿರು ಕಟ್ಟಿದಂತಾಗಿ ಎಚ್ಚರವಾಯಿತು. ಹಿಂಬಾಗಿಲಿಗೆ ಕಲ್ಲು, ಸೀಗೆಮುಳ್ಳು ಗಿಡಿದು ತುಂಬಿತ್ತು. ಮುಂಗುಸಿ ಬೇಸತ್ತು ತಾನಾಗಿಯೇ ಹೋಗಲಿ ಎಂದು, ಹಸುಗೂಸುಗಳಿಗೆ ಗಾಳಿ ಬರುವ ದಾರಿಯನ್ನೇ ಮುಚ್ಚಿತ್ತು ಆ ಪಾಪಿ ಮುಳ್ಳುಹಂದಿ. ದೇವರು ಕೊಟ್ಟ ಗಾಳಿ ಅದು.

ಯಾಕೆ ಹೀಗೆ ಮಾಡಿದೆ ಎಂದು ಕೇಳಿದರೆ, "ರಿಪೇರಿ," ಎಂದಿತು ಮುಳ್ಳುಹಂದಿ.

ಮುಂಗುಸಿ ಮುಂಬಾಗಿಲಿನಿಂದ ಹೊರಗೆ ಹೋಗಿ, ಕಾಡಿಗೆ ನ್ಯಾಯ ಹೇಳುವ ಮುದಿ ಕಾಡುಕೋಣವನ್ನು ಕರೆತಂದಿತು.

"ಮಣ್ಣು ನಿನ್ನದೇ, ಒಪ್ಪಿದೆ," ಎಂದಿತು ಕೋಣ. "ಆದರೆ ಬಾಡಿಗೆ ತಿನ್ನುತ್ತಿದ್ದೀಯ. ಅವಳು ಇರುವಷ್ಟು ದಿನ ಆ ಬಾಗಿಲು ಅವಳದು. ಈಗಲೇ ತೆಗೆ."

"ಆಗಲಿ ಅಜ್ಜ, ರಿಪೇರಿ ಮುಗಿಯಲಿ," ಎಂದು ಮುಳ್ಳುಹಂದಿ ಮುಖ ತಿರುಗಿಸಿತು. ಕೋಣ ಅದನ್ನು ದುರುಗುಟ್ಟಿ ನೋಡಿ ದಿಬ್ಬ ಹತ್ತಿತು.

ಅಷ್ಟರಲ್ಲಿ ಮೇಲೆಲ್ಲೋ ಸುರಿದ ಮಳೆಗೆ ಹಳ್ಳ ಉಕ್ಕಿ ಬಂತು. ನೀರು ಮುಂಬಾಗಿಲಿನಿಂದ ಒಳಗೆ ನುಗ್ಗಿತು. ಮುಳ್ಳುಹಂದಿ ಹಿಂದಿನ ಕೋಣೆಗೆ ಓಡಿತು. ತಾನೇ ಗಿಡಿದ ಕಲ್ಲು ಅಲುಗಲಿಲ್ಲ. ಸೀಗೆಮುಳ್ಳಿಗೆ ಅದರ ಮೈಮುಳ್ಳು ಸಿಕ್ಕಿಕೊಂಡು ಹಿಂದೆಯೂ ಬರಲಾಗಲಿಲ್ಲ.

ಮರಿಗಳನ್ನು ಎತ್ತಿ ಹಿಡಿದು ಮುಂಗುಸಿ ಚೀರಿತು. ದಿಬ್ಬದ ಮೇಲಿದ್ದ ಕೋಣಕ್ಕೆ ಕೇಳಿತು. ಅದು ಕೊಂಬಿನಿಂದ ನೆಲ ಸೀಳಿತು. ಮೊದಲು ಮರಿಗಳು ಹೊರಬಂದವು, ಆಮೇಲೆ ತಾಯಿ, ಕೊನೆಗೆ ಕೆಸರು ಮೆತ್ತಿದ ಮುಳ್ಳುಹಂದಿ. ಬಿಲ ಕುಸಿದು ಹಳ್ಳದ ಪಾಲಾಯಿತು. ನರಿಯ ಸುಳಿವೇ ಇರಲಿಲ್ಲ.

ಸಂಜೆ ಮುಳ್ಳುಹಂದಿ ನಡುಗುತ್ತ ಉಡದ ಬಿಲದ ಮುಂದೆ ನಿಂತಿತು. "ಒಂದು ಕೋಣೆ ಕೊಡಪ್ಪಾ. ಹಿಂಬಾಗಿಲು ಇದೆ ತಾನೆ?"

ಒಳಗಿನಿಂದ ಮುಂಗುಸಿ ಮರಿಗಳ ಕಿಚಕಿಚ ಕೇಳುತ್ತಿತ್ತು.

"ಇದೆ," ಎಂದಿತು, ಮುಂಗುಸಿಯಿಂದ ಎಲ್ಲ ಕೇಳಿ ತಿಳಿದಿದ್ದ ಉಡ. "ಆದರೆ ನನ್ನ ಬಿಲ, ನನ್ನ ಇಷ್ಟ. ನಿನ್ನ ಪಾಲಿಗೆ ಇಲ್ಲಿ ರಿಪೇರಿ ನಡೆಯುತ್ತಿದೆ."

ನೀತಿ: ಮನೆ ನಮ್ಮದೇ ಆದರೂ, ಬಾಡಿಗೆಗೆ ಕೊಟ್ಟ ಮೇಲೆ ಕಟ್ಟಳೆ ಮೀರಿ ಅದರ ಬಾಗಿಲು ಮುಚ್ಚುವ ಹಕ್ಕು ನಮಗಿಲ್ಲ. ಮನೆ ಬಾಡಿಗೆಗೆ ಕೊಟ್ಟವರು ನಿಮ್ಮ ಬೀದಿಯಲ್ಲಿದ್ದರೆ, ಮಕ್ಕಳೇ, ಈ ಕತೆಯನ್ನು ಅವರಿಗೂ ಹೇಳಿ ಬನ್ನಿ.